ನಿನ್ನ ಪಾಲಿನ ಸಾಲು

ಅಮ್ಮಾ,

ಈ ಕಾಗದ ಅಂಚೆಗೆ ಹಾಕಿದರೆ ನಮ್ಮೂರ ಅಂಚೆಯವನು ನಿನ್ನ ಗೋರಿಗೇ ತಂದು ಸಹಿ ಕೇಳಿಯಾನು. ಅದಕ್ಕೇ ಹಾಕುವುದಿಲ್ಲ. ಆದರೆ ಹೇಳದೆ ಇರಲಾರೆ.

ಇವತ್ತು ಕಾರ್ನಿವಲ್ ಹಾಡಿನ ಸ್ಪರ್ಧೆ. ಅಯಾಕುಚೊ ಪೇಟೆಯಿಂದ ಬಂದ ನಿರೂಪಕ, "ಈಗ, ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಅತ್ಯಾಚಾರಕ್ಕೆ ಬಲಿಪಶುಗಳಾದ ತಾಯಂದಿರು!" ಎಂದ. ಹಾಡಲು ವೇದಿಕೆ ಹತ್ತಿದ್ದ ಆ ಹೆಂಗಸರ ಗುಂಪಿನಿಂದ ನಿನ್ನ ತಂಗಿ ಎಪಿಫಾನಿಯಾ ಮುಂದೆ ಬಂದು ಅವನ ಮೈಕನ್ನೇ ಕಿತ್ತುಕೊಂಡಳು.

"ಪಶು ಹಟ್ಟೀಲಿದೆ ಕಣಪ್ಪಾ, ಮೇವು ಹಾಕೇ ಬಂದಿದೀನಿ. ಇಲ್ಲಿರೋಳು ಹಾಡುಗಾರ್ತಿ. ಹಂಗಂತ ಕರಿ!"

ಜನರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ಆಮೇಲೆ ನಮ್ಮ ಪದ್ಧತಿಯಂತೆ ಒಬ್ಬೊಬ್ಬಳೂ ತನಗೆ ತಾನೇ ಇಟ್ಟುಕೊಂಡ ಹೆಸರು ಸೇರಿಸಿ ತನ್ನ ಸಾಲು ಹಾಡಿದಳು. ಒಬ್ಬಳು ತನ್ನನ್ನು "ಗಾಯಗೊಂಡವಳು" ಎಂದಳು, ಇನ್ನೊಬ್ಬಳು "ಗೆದ್ದು ಬಂದವಳು" ಎಂದಳು. ಕೊನೆಯಲ್ಲಿ ಎಲ್ಲರೂ ಸುಮ್ಮನಾದರು. ಒಂದು ಸಾಲಿನಷ್ಟು ಹೊತ್ತು ಗಿಟಾರ್ ಮಾತ್ರ ನುಡಿಯಿತು.

ಕೆಳಗಿಳಿದ ಚಿಕ್ಕಮ್ಮನನ್ನು ರೇಗಿಸಿದೆ: "ಸಾಲು ಮರೆತೋಯ್ತಾ, ಹಾಡುಗಾರ್ತಿ?"

"ಅದು ನಿಮ್ಮಮ್ಮನ ಸಾಲು ಕಣೇ."

"ಅಮ್ಮನೂ...?"

"ತನ್ನನ್ನ ಏನಂತ ಕರೀಬೇಕು ಅಂತ ಅವಳು ಹೇಳ್ಲೇ ಇಲ್ಲ. ಕೇಳಿದಾಗೆಲ್ಲ ಆಲೂಗಡ್ಡೆ ಸುಲೀತಾ ಕೂತಿರೋಳು. ಅವಳ ಬಾಯಿಗೆ ನಾನ್ಯಾಕೆ ಹೆಸರು ತುರುಕಲಿ?"

ಅಮ್ಮಾ, ನಾವು ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಕಂಬಳಿಯಡಿ ಮಲಗಿದವರು. ನೀನು ಸುಲಿದ ಆಲೂಗಡ್ಡೆಯನ್ನೆಲ್ಲ ತಿಂದವಳು ನಾನೇ.

ಬರುವ ವರ್ಷ ನೀನೂ ಹಾಡಲು ಬಾ ಎಂದಿದ್ದಾಳೆ ಚಿಕ್ಕಮ್ಮ. ಹೋಗುತ್ತೇನೆ. ನಿನ್ನ ಸಾಲು ಬಂದಾಗ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಅದು ನನಗೆಷ್ಟು ಕಷ್ಟವೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಿನ್ನ ಬಾಯಿಬಡುಕಿ,
ನಿಕೊಲಾಸಾ