ಜಿರಾಫೆಯ ಕತ್ತಿಗೊಂದು ತಿದ್ದುಪಡಿ

ರುದ್ರಪ್ಪ ಮೇಷ್ಟ್ರೇ,

ನಾಲ್ಕು ಶಾಲೆಗಳು ಸೇರಿ ನಡೆಸಿದ ವಿಜ್ಞಾನ ಪರೀಕ್ಷೆಯಲ್ಲಿ ಹದಿನಾಲ್ಕನೇ ಪ್ರಶ್ನೆಯ ಮಾದರಿ ಉತ್ತರ ನಿನ್ನೆ ಬದಲಾಯಿತು. ಫೋನ್ ಮಾಡಿ ತಿಳಿಸಿದವರು ಅದನ್ನು ಬರೆದಿದ್ದ ಶಿಕ್ಷಕರೇ, ಅಜ್ಜಂಪುರದ ಗಂಗಾಧರ್. ಪ್ರಶ್ನೆ ಜಿರಾಫೆಯ ಕತ್ತಿನದು. ಅವರಿಗೆ ಹಳೆಯ ಉತ್ತರ ಕಲಿಸಿದ್ದು ಯಾರು ಗೊತ್ತೇ? ನೀವೇ.

ಕಡೂರಿನ ಶಾಲೆಗೆ ಸೇರಿದ ಹೊಸತರಲ್ಲಿ ನಿಮ್ಮ ಪಾಠ ಕೇಳಲು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎತ್ತರದ ಎಲೆಗೆ ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯಿತು, ಅದೇ ಮರಿಗೂ ಬಂತು ಎಂದಿರಿ. ಆ ವಾದ ಎಂದೋ ಬಿದ್ದುಹೋಗಿದೆ, ಹುಟ್ಟುವಾಗಲೇ ಕತ್ತು ತುಸು ಉದ್ದವಿದ್ದವು ಹೆಚ್ಚು ಬದುಕಿ ಹೆಚ್ಚು ಮರಿ ಹಾಕಿದವು ಎಂದು ಆಮೇಲೆ ಅಂಜುತ್ತಲೇ ಹೇಳಿದೆ. "ಎರಡು ದಿನ ಕೊಡಮ್ಮ, ಓದ್ತೀನಿ" ಎಂದಿರಿ. ಮೂರನೇ ದಿನ ತರಗತಿಯಲ್ಲಿ, "ಹನ್ನೆರಡು ವರ್ಷದಿಂದ ತಪ್ಪು ಹೇಳಿದೀನಿ ಕಣ್ರೋ. ಬರ್ಕೊಂಡಿದ್ದು ಹೊಡೆದ್ಹಾಕಿ" ಎಂದಿರಿ.

ಪಂಚನಹಳ್ಳಿಯ ಕೊಬ್ಬರಿ ಮಂಡಿ ನೆನಪಿದೆಯೇ? ಆ ತಪ್ಪು ತಿದ್ದಲು ಹಳೆಯ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೊರಟ ನಿಮ್ಮ ಜೊತೆ ನಾನೂ ಬಸ್ಸು ಹತ್ತಿದ್ದೆ.

"ಏನ್ ಸಾರ್, ಜಿರಾಫೆ ವಿಷ್ಯಕ್ಕೆ ಇಷ್ಟ್ ದೂರ ಬಂದ್ರಾ? ನಾನು ಕೊಬ್ಬರಿ ಮಾರೋನು!"

"ಮಾರ್ಕೋ. ನಾನು ಕೊಟ್ಟ ಹುಳುಕು ಮಾಲು ವಾಪಸ್ ತಗೊಂಡ್ ಹೋಗಕ್ಕೆ ಬಂದೆ ಕಣೋ."

ಬೀರೂರು, ಅಮೃತಾಪುರ ಆಯಿತು. ಅಜ್ಜಂಪುರದಲ್ಲಿ ಗಂಗಾಧರ್ ಮನೆಗೆ ಬೀಗ. ಮತ್ತೆ ಬರೋಣ ಎಂದಿರಿ. ಅಷ್ಟರಲ್ಲಿ ಎದೆನೋವು ನಿಮ್ಮನ್ನು ಕೊಂಡೊಯ್ದಿತು.

ಮೊನ್ನೆ ತರೀಕೆರೆಯಲ್ಲಿ ನಡೆದ ಮೌಲ್ಯಮಾಪನದ ಸಭೆಯಲ್ಲಿ ನನ್ನ ವಿದ್ಯಾರ್ಥಿನಿ ಸಹನಾಳ ಉತ್ತರ ಪತ್ರಿಕೆ ನೋಡಿದೆ. ಸರಿಯಾಗಿ ಬರೆದ ಉತ್ತರಕ್ಕೆ ಸೊನ್ನೆ ಬಿದ್ದಿತ್ತು. ಮಾದರಿ ಉತ್ತರವೇ ತಪ್ಪು ಎಂದರೆ ಗಂಗಾಧರ್ ಬಗ್ಗಲಿಲ್ಲ.

"ಬದುಕಿನಲ್ಲಿ ಪಡೆದಿದ್ದು ಮಕ್ಕಳಿಗೂ ಹೋಗುತ್ತೆ ಅಂತ ಈಗಿನ ಸಂಶೋಧನೆನೇ ಹೇಳ್ತಿದೆಯಲ್ಲ ಮೇಡಂ?"

"ತಾಯಿ ಉಪವಾಸ ಬಿದ್ರೆ ಮಗು ಮೈಯಲ್ಲಿ ಅದರ ಗುರುತು ಉಳೀಬಹುದು ಅಂತಾರೆ. ಎಷ್ಟು ತಲೆಮಾರು ಅನ್ನೋ ವಾದ ಇನ್ನೂ ಮುಗಿದಿಲ್ಲ. ಆದ್ರೆ ಚಾಚಿದ್ದಕ್ಕೆ ಕತ್ತು ಬೆಳೆಯಲ್ಲ ಸಾರ್."

"ನಮ್ ರುದ್ರಪ್ಪ ಮೇಷ್ಟ್ರು ಹೇಳಿಕೊಟ್ಟಿದ್ದು ಕಣ್ರೀ. ಅವ್ರು ತಪ್ಪು ಹೇಳ್ತಾರಾ?"

ಹತ್ತು ಜನರೆದುರು ನಿಮ್ಮನ್ನು ತಪ್ಪು ಎನ್ನದೆ ಆ ಹುಡುಗಿಗೆ ಅಂಕ ಸಿಗುವಂತಿರಲಿಲ್ಲ. ಹೇಳಿದೆ. "ತಪ್ಪೇ ಹೇಳಿದ್ರು. ಅದನ್ನ ತಿದ್ದಕ್ಕೆ ನಿಮ್ಮನೆ ಬಾಗಿಲಿಗೂ ಬಂದಿದ್ರು." ಅವರು ಬ್ಯಾಗು ತೆಗೆದುಕೊಂಡು ಎದ್ದುಹೋದರು.

ನಿನ್ನೆ ಫೋನಿನಲ್ಲಿ ಅವರ ದನಿ ಸಣ್ಣಗಿತ್ತು. "ಉತ್ತರ ತಿದ್ದಿದೀನಿ ಮೇಡಂ. ನಾನೂ ಎಷ್ಟೋ ಬ್ಯಾಚಿಗೆ ಇದನ್ನೇ ಹೇಳಿಬಿಟ್ಟಿದೀನಿ. ಮೇಷ್ಟ್ರು ಯಾರ ಮನೆಯಿಂದ ಶುರು ಮಾಡಿದ್ರು?"

ನಿಮ್ಮ ಜೊತೆ ಕೆಲಸ ಮಾಡಿದವಳು ನಾನು ಎಂದು ಹೇಳಿಕೊಳ್ಳಲು ನಿನ್ನೆ ಎಷ್ಟು ಹೆಮ್ಮೆಯಾಯಿತು.

ಸಹನಾಳದೂ ಸೇರಿ ಎಲ್ಲ ಉತ್ತರ ಪತ್ರಿಕೆಗಳ ಮರುಪರಿಶೀಲನೆ ಸೋಮವಾರ ಹತ್ತು ಗಂಟೆಗೆ, ಕಡೂರಿನಲ್ಲಿ. ಅದಕ್ಕೆ ಮೊದಲು, ಭಾನುವಾರ, ಗಂಗಾಧರ್ ಶಿವನಿ ಊರಿಗೆ ಹೋಗುತ್ತಾರೆ. ಅವರ ಮೊದಲ ಬ್ಯಾಚಿನ ಹುಡುಗನೊಬ್ಬ ಅಲ್ಲಿ ಗ್ಯಾರೇಜ್ ಇಟ್ಟಿದ್ದಾನೆ.