ನಿನ್ನ ರೀಲಿನಲ್ಲಿ ನನ್ನ ಕೈ

ಕುರ್ಲಾ,
ಗುರುವಾರ, ೫ ಫೆಬ್ರವರಿ ೨೦೨೬

ನನ್ನ ಮಗಳು ಸಪ್ನಾಗೆ,

ಹೇಗಿದ್ದೀ? ಗೋರೆಗಾಂವ್ ಸ್ಟುಡಿಯೋದ ಎ.ಸಿ.ಗೆ ಹತ್ತಿದ ಕೆಮ್ಮು ಹೋಯಿತೋ ಇಲ್ಲವೋ? ಬಿಸಿನೀರಿಗೆ ಓಮು ಹಾಕಿ ಕುಡಿ. ನಾನು ಆರಾಮ. ಮೂರೂ ಮನೆಯ ಕೆಲಸ ನಡೆದಿದೆ, ಮೊಣಕಾಲು ಇದ್ದ ಹಾಗೇ ಇದೆ. ಫೋನಿನಲ್ಲಿ ಹೇಳಿದರೆ ನಕ್ಕು ಹಾರಿಸುತ್ತೀ, ಅದಕ್ಕೇ ಕಾಗದ. ಏಳನೆಯವರೆಗೆ ಕನ್ನಡ ಶಾಲೆಗೆ ಕಳಿಸಿದ್ದೇನೆ, ತಡವರಿಸಿಕೊಂಡಾದರೂ ಓದು.

ಕ್ಯಾಮೆರಾ ನೋಡಿಕೊಳ್ಳುವ ನಿಮ್ಮ ಮನೀಶ್ ಮೆಸೇಜ್ ಮಾಡಿದ್ದಾನೆ. ಭಾನುವಾರ ಇನ್ನೊಂದು ರೀಲು, ಅದೇ ಕೈ ಬೇಕಂತೆ. ಅವನಿಗೆ ಹೂಂ ಅನ್ನಲೋ ಉಹೂಂ ಅನ್ನಲೋ, ಮೊದಲು ನಿನ್ನ ಹತ್ತಿರ ಮಾತಾಡಬೇಕು. ಮೊದಲ ರೀಲಿನ ದಿನ ನೀನು ಹೇಳಿದ್ದು ಇಷ್ಟೇ: "ಅವ್ವಾ, ನಾ ಸಾಹುಕಾರ ಮನಿ ಸೊಕ್ಕಿನ ಹುಡುಗಿ. ರೀಲು ನೋಡೋರೇ ಕೆಲಸದಾಕಿ ಇದ್ದಂಗ. ಕ್ಯಾಮೆರಾ ನಿನ್ನ ಹಣೀಗೆ ಕಟ್ತಾರ. ಮಾರಿ ಕಾಣೂದಿಲ್ಲ, ಕೈ ಅಷ್ಟ." ಕಟ್ಟಿಸಿಕೊಂಡೆ. ಚಹಾ ತಂದಿಟ್ಟೆ. ನೀನು ಕಪ್ಪನ್ನು ಉಗುರಿನಿಂದ ತಳ್ಳಿ ಚೆಲ್ಲಿದೆ, ನೆಟ್ಟ ಕಣ್ಣಿನಿಂದ ನನ್ನನ್ನೇ ನೋಡುತ್ತ ಬೈದೆ. ಒಂದೊಂದು ಬೈಗುಳವೂ ನನ್ನ ಗುರುತಿನದು. ಇಪ್ಪತ್ತೆರಡು ವರ್ಷ ಮನೆಮನೆಯಿಂದ ಹೊತ್ತು ತಂದು, ರೊಟ್ಟಿ ಬಡಿಯುತ್ತ ಹೇಳಿ ನಿನ್ನನ್ನು ನಗಿಸಿದ ಮಾತುಗಳು. ನಮ್ಮ ಜಾತಿ ಕೇಳಿಕೊಂಡ ಮೇಲೆ "ನಿನ್ನ ನೆರಳು ಬಿದ್ದರೂ ಫರ್ಶಿ ಹೊಲಸು" ಅಂದಿದ್ದಳಲ್ಲ ಒಬ್ಬ ಮುದುಕಿ, ಅವಳದೂ ಇತ್ತು. ನಿನ್ನ ಬಾಯಲ್ಲಿ ಅದು ಚಂದ ಕೇಳಿಸಿತು.

ನಲವತ್ತು ಲಕ್ಷ ಮಂದಿ ನೋಡಿದ್ದಾರಂತೆ. ಪಕ್ಕದ ಖೋಲಿಯ ಭಾಗವ್ವ ನಳದ ಪಾಳಿಯಲ್ಲಿ ತೋರಿಸಿದಳು. "ಇಂದ್ರಕ್ಕಾ, ಏನ ಬೈತಾಳ ನಿನ್ನ ಮಗಳು, ನನಗ ಬೈದಂಗ ಆಕ್ಕೈತಿ. ಮತ್ತ ನೋಡಬೇಕ ಅನಸ್ತೈತಿ" ಅಂದಳು. ರೀಲಿನ ಕೆಳಗೆ ಬರೆದವರೂ ಬೇಡುವುದು ಅದನ್ನೇ, ನಮಗೂ ಬೈಯಿರಿ, ಇನ್ನೊಮ್ಮೆ ಬೈಯಿರಿ. ಇವರಿಗೆ ತಲೆ ನೆಟ್ಟಗಿಲ್ಲ ಅಂದುಕೊಂಡೆ. ಆಮೇಲೆ ನಾನೇ ಹನ್ನೊಂದು ಸಲ ನೋಡಿದೆ. ಯಾಕೆಂದು ಹೇಳುತ್ತೇನೆ ಕೇಳು. ಬಿಲ್ಡಿಂಗಿನ ಮೇಡಂಗಳು ಬೈಯುವಾಗಲೂ ಫೋನು ನೋಡುತ್ತಿರುತ್ತಾರೆ, ಗೋಡೆಗೆ ಹೇಳಿದ ಹಾಗೆ. ನಿನ್ನ ಸೊಕ್ಕಿನ ಹುಡುಗಿ ಬೇರೆಲ್ಲ ಬಿಟ್ಟು ಎದುರಿನವಳನ್ನೇ ನೋಡುತ್ತಾಳೆ. ಎದುರಿಗೆ ಒಬ್ಬಳು ಇದ್ದಾಳೆ ಅಂತ ಅವಳಿಗೆ ಗೊತ್ತು. ಅಷ್ಟು ನೋಟಕ್ಕೂ ಹಸಿದು ಕೂತಿದೆ ಮಂದಿ. ಥೂ ಅನ್ನಬೇಕು ಈ ಶಹರಕ್ಕೆ.

ಅನ್ನಬೇಕು, ಆದರೆ ಸಿಟ್ಟೇ ಬರುತ್ತಿಲ್ಲ. ಮನೆಗೆಲಸದವರ ಸಂಘದಲ್ಲಿ ಮೈಕು ಹಿಡಿದು ಕೂಗಿದವಳು ನಾನು. ಲಿಫ್ಟಿನಲ್ಲಿ ನಮ್ಮನ್ನು ಹತ್ತಿಸಲೇಬೇಕು ಅಂತ ಗೇಟಿನೆದುರು ನಾಲ್ಕು ದಿನ ಕೂತವಳು. ಈಗ ಎದೆ ಬಹಳ ಹೊತ್ತು ಸಾಬೂನು ನೀರಿನಲ್ಲಿದ್ದ ಬೆರಳಿನ ಹಾಗಾಗಿದೆ. ಒತ್ತಿದರೂ ತಿಳಿಯುವುದಿಲ್ಲ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಪಾತ್ರ ಮಾಡುವುದು ನಿನ್ನ ಕೆಲಸ, ಚೆನ್ನಾಗಿ ಮಾಡುತ್ತೀ.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರ ಮುಂದೂ ತಲೆ ತಗ್ಗದಂತೆ ಬಾಳು, ಅದೇ ನನ್ನ ಹರಕೆ.

ನಿನ್ನ ಅವ್ವ,
ಇಂದ್ರಾಬಾಯಿ

ತಾ.ಕ.: ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಚಹಾ ಚೆಲ್ಲಿದಾಗ ಬಗ್ಗಿ ಒರೆಸುತ್ತ "ಗಲತೀ ಹೋ ಗಯೀ, ಮೇಡಂ" ಅಂತ ತಪ್ಪೊಪ್ಪಿಕೊಂಡೆನಲ್ಲ, ಅದು ನೀನು ಬರೆದುಕೊಟ್ಟ ಮಾತಲ್ಲ. ಅಂದದ್ದು ನನಗೇ ಗೊತ್ತಾಗಲಿಲ್ಲ. ಹೆತ್ತ ಮಗಳಿಗೆ ಮೇಡಂ ಅಂದೆ. ನಿನ್ನ ಕೂಡ ನಾನು ಎಂದೂ ಹಿಂದಿ ಆಡಿದವಳಲ್ಲ. ಮಂದಿ ತಿರುತಿರುಗಿ ನೋಡುವುದು ಅದನ್ನೇ ಅಂತೆ, ಭಾನುವಾರವೂ ಅದೇ ಬೇಕಂತ ಮನೀಶ್ ಬರೆದಿದ್ದಾನೆ. ಆ ರೀಲು ತೆಗೆದುಹಾಕು. ನಲವತ್ತು ಲಕ್ಷ ಹೋದರೆ ಹೋಗಲಿ. ತೆಗೆದರೆ ಭಾನುವಾರ ಬಂದು ಕೈ ಕೊಡುತ್ತೇನೆ. ಆ ಮೇಡಂ ಅನ್ನುವ ಮಾತು ಕೊಡುವುದಿಲ್ಲ.