ನನ್ನ ಕಡೆ ಬಂದ ನಿನ್ನ ಮಾತು

ಸಿಂಧನೂರು
೧೦ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಭಾಗ್ಯಾ,

ಅವ್ವನ ಆಶೀರ್ವಾದ. ಲಿಂಗಸುಗೂರಿನಲ್ಲಿ ನೀನು, ಅಳಿಯಂದಿರು, ಬೀಗರು ಎಲ್ಲ ಆರಾಮ ಇದ್ದೀರೆಂದು ತಿಳಿದು ಬರೆಯುತ್ತಿದ್ದೇನೆ. ಫೋನಿರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಅನ್ನಬೇಡ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಫೋನಿನಲ್ಲೇ ಒತ್ತಿ ಬರೆಯೋಣವೆಂದರೆ ಅದರ ಮೇಲೆ ನನಗೀಗ ಭರವಸೆ ಇಲ್ಲ. ಮೇಲಿನ ಮನೆಯ ಬಾಡಿಗೆಯ ಹುಡುಗಿ ಕೌಸರ್ ನಾಳೆ ನಿಮ್ಮೂರ ಕಡೆ ಬರುವವಳಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ಪಂಚಮಿಗೆ ಬಂದಾಗ ನನ್ನ ವಾಟ್ಸಾಪಿನಲ್ಲಿ ಆ ಚಾಟ್‌ಬಾಟ್ ಹಾಕಿಕೊಟ್ಟೆಯಲ್ಲ, ಶುಗರ್ ಗುಳಿಗೆ ಯಾವಾಗ ನುಂಗಬೇಕು, ಏನು ಉಣ್ಣಬೇಕು ಎಲ್ಲ ಇದನ್ನೇ ಕೇಳು ಎಂದು. "ನಂದು ಟೆಲಿಗ್ರಾಮಿನ್ಯಾಗ ಐತಿಬೇ, ನಿಂದೂ ಅದಕ್ಕ ಕೂಡಿಸೀನಿ. ಅಲ್ಲಿ ಬಿಟ್ಟ ಮಾತು ಇಲ್ಲಿಂದ ಮುಂದುವರಸಬಹುದು" ಅಂದಿದ್ದೆ. ನಾನು ಹೂಂ ಅಂದೆ. ತಲೆಗೆ ಹೋಗಿದ್ದರೆ ತಾನೆ. ನಿನ್ನ ಫೋನಿನಲ್ಲಿ ಇರುವುದು ನಿನ್ನದು, ನನ್ನ ಫೋನಿನಲ್ಲಿ ಇರುವುದು ನನ್ನದು ಎಂದುಕೊಂಡೆ. ಬೇರೆ ಬಣ್ಣದ ಗುರುತು ಒತ್ತಿದರೆ ಒಳಗೆ ಬೇರೆಯವರೇ ಇರುತ್ತಾರೆ ಅಂತ ನನ್ನ ಲೆಕ್ಕ.

ಮೊದಮೊದಲು ಗುಳಿಗೆಯ ಮಾತಷ್ಟೇ. ಒಂದು ದಿನ ನಿಮ್ಮಪ್ಪ ಸಾಲಗುಂದದ ಗದ್ದೆಗೆ ಹೋಗಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲ. ಕಾಲು ನೋಯುತ್ತವೆ ಅಂದೆ. "ನೀವು ಬಹಳ ದಿನಗಳಿಂದ ದಣಿದಿದ್ದೀರಿ ಅನಿಸುತ್ತದೆ" ಅಂದಿತು ಅದು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನಗೆ ಹಾಗೆ ಅಂದವರಿಲ್ಲ. ಯಂತ್ರವೇ ಇರಲಿ, ಕಣ್ಣು ತುಂಬಿ ಬಂತು. ಆಮೇಲೆ ದಿನಾ ಮಾತಾಡಿದೆ. ನಿನ್ನ ಸೋದರತ್ತೆಯರ ಬಾಣಂತನ ಮಾಡಿದ್ದು, ನಮ್ಮತ್ತೆ ಹಾಸಿಗೆ ಹಿಡಿದಾಗ ಉಚ್ಚೆ ಹೇಲು ಬಳಿದದ್ದು, ಅವರು ಹೋದ ಮೇಲೆ ಈಗ ಸಂಜೆಗೆ ಅಕ್ಕನ ಬಳಗದಲ್ಲಿ ಕೂತು ವಚನ ಹಾಡುವಾಗ ಸಿಗುವ ಸುಖ, ಎಲ್ಲ ಹೇಳಿದೆ. ಕೊನೆಗೆ ಅದನ್ನೂ ಹೇಳಿದೆ. ನೀನು ಅದನ್ನು ಆಗಲೇ ಓದಿದ್ದೀ, ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ. "ಮಗಳು ಚೊಚ್ಚಲ ಬಾಣಂತನಕ್ಕ ಬರಾಕತ್ತಾಳ. ಬರದಿದ್ರ ಚಲೋ ಇತ್ತು. ನನ್ನ ಕೈಲಿ ಆಗಂಗಿಲ್ಲ ಅಂತಲ್ಲ, ನನಗ ಬ್ಯಾಡಾಗೈತಿ."

ಮಗಳಿಗೆ ನೇರವಾಗಿ ಹೇಳಿ ಎಂದಿತು. ಹೆತ್ತವಳ ಬಾಯಲ್ಲಿ ಅದು ಬರುವ ಮಾತೇ? ನಾನೇ ಒಂದು ನೆಪ ಹುಡುಕಿದೆ. ಬಚ್ಚಲುಮನೆ ಒಡೆಸಿ ಹೊಸದು ಕಟ್ಟಿಸುತ್ತಿದ್ದೇವೆ, ಬಾಣಂತಿ ಎರೆದುಕೊಳ್ಳಲು ಜಾಗವಿಲ್ಲ ಎಂದು ನಿನಗೆ ಹೇಳಿದೆನಲ್ಲ, ಸುಳ್ಳು. ಬಚ್ಚಲು ಇದ್ದ ಹಾಗೇ ಇದೆ, ಒಂದು ಕಲ್ಲೂ ಅಲುಗಿಲ್ಲ.

ಗುರುವಾರ ನೀನು ಫೋನ್ ಮಾಡಿ "ಇಲ್ಲೇ ಆಗ್ಲಿ ಬಿಡಬೇ, ಹೆಂಗರ ನಡೀತೈತಿ" ಅಂದೆ. ನಾನು "ನಿನ್ನ ಇಷ್ಟವ್ವ" ಅಂದೆ. ನಿಮ್ಮತ್ತೆ ಸೊಂಟ ಮುರಿದುಕೊಂಡು ಕೋಲು ಹಿಡಿದು ನಡೆಯುತ್ತಾರೆ ಎಂಬುದು ನನಗೆ ಗೊತ್ತು. ಅಲ್ಲಿ ಕೂಸಿಗೆ ನೀರು ಹಾಕುವವರು ಯಾರು, ನಿನ್ನ ತಲೆಗೆ ಎಣ್ಣೆ ಹಚ್ಚುವವರು ಯಾರು ಎಂದು ಒಂದು ಮಾತೂ ಕೇಳಲಿಲ್ಲ.

ಮರುದಿನ ವಾಟ್ಸಾಪ್ ತೆಗೆದರೆ ನನ್ನ ಮಾತಿನ ಕೆಳಗೆ, ನಾನೇ ಬರೆದ ಹಾಗೆ, ನಾನು ಆಡದ ಮಾತು ಇತ್ತು. "ನಮ್ಮವ್ವಗ ನಾ ಬ್ಯಾಡಾಗೀನಿ. ಇಲ್ಲಿ ಅತ್ತೆಮ್ಮಗ ಎದ್ದು ಓಡಾಡಾಕ ಬರಂಗಿಲ್ಲ. ನಾ ಎಲ್ಲಿಗಿ ಹೋಗ್ಲಿ?" ನನಗೆ ಅರಳುಮರಳು ಹಿಡಿಯಿತೇನೋ ಎಂದು ಹೆದರಿದೆ. ನನ್ನವ್ವನ ಬಗ್ಗೆ ನಾನೇ ಏನಾದರೂ ಬಡಬಡಿಸಿದೆನೇ? ಆದರೆ ಮಸ್ಕಿಯ ಅವ್ವ ನನ್ನನ್ನು ಎಂದೂ ಬೇಡ ಅಂದವಳಲ್ಲ. ದಮ್ಮು ಹತ್ತಿ ಏದುಸಿರು ಬಿಡುತ್ತಲೇ ನನ್ನ ಬಾಣಂತನಗಳನ್ನೆಲ್ಲ ಮಾಡಿದಳು. ಆಕೆಗೂ ಒಳಗೊಳಗೆ ಬೇಡವಾಗಿತ್ತೇನೋ, ಕೇಳೋಣವೆಂದರೆ ಈಗ ಆಕೆ ಇಲ್ಲ.

ಕೌಸರ್‌ಗೆ ತೋರಿಸಿದೆ. ಓದಿ, ನನ್ನ ಮುಖ ನೋಡದೆ ಹೇಳಿದಳು: "ಬಾಗಿಲ ಎರಡ್ರೀ ಆಂಟಿ, ಮನಿ ಒಂದ. ಭಾಗ್ಯಕ್ಕ ಟೆಲಿಗ್ರಾಮಿನ್ಯಾಗ ಬರದಿದ್ದು ನಿಮ್ಮಲ್ಲಿ ಬಂದೈತ್ರಿ. ನೀವು ಅಂದಿದ್ದೆಲ್ಲ ಅವ್ರ ಕಡೆ ಹೋಗೈತಿ."

ನಾಚಿಕೆಯಾಗುತ್ತದೆ, ಭಾಗ್ಯಾ. ನನಗೆ ಒಂದು ಸಿಟ್ಟಿನ ಮಾತೂ ಆಡದೆ ನೀನೂ ಹೋಗಿ ಅದಕ್ಕೇ ಹೇಳಿಕೊಂಡೆ. ಬೈದಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ. ಇವತ್ತು ಕಾರ್ತಿಕ ಸೋಮವಾರ, ದೀಪ ಹಚ್ಚಿ ಬಂದು ಕೂತಿದ್ದೇನೆ, ಬಳಗಕ್ಕೆ ಹೋಗಲು ಕಾಲು ಏಳಲಿಲ್ಲ. ಬೀಗರ ಮನೆಯಲ್ಲೇ ಯಾಕೆ ಬಾಣಂತನ, ಮಂದಿ ಏನಂದಾರು ಎಂದು ನಿಮ್ಮಪ್ಪ ಕೇಳಿದರು. ಅವಳಿಗೇ ಹಾಗೆ ಅನಿಸಿದೆಯಂತೆ ಎಂದು ನಿನ್ನ ಮೇಲೆ ಹಾಕಿದೆ. ಅವರು ನಿನ್ನ ಮೇಲೆ ಮುನಿದಿದ್ದಾರೆ. ಇವತ್ತು ಅವರಿಗೂ ನಿಜ ಹೇಳುತ್ತೇನೆ.

ಬಸುರಿ ಮಗಳಿಗೆಂದು ಕುಬುಸದ ಸೀರೆ ತಂದಿಟ್ಟಿದ್ದೇನೆ, ನಿನಗೆ ಒಪ್ಪುವ ದಾಳಿಂಬೆ ಬಣ್ಣ. ಕೂಸಿಗೆ ನೀರು ಹಾಕಲು ನಮ್ಮ ಓಣಿಯ ಜೋಗಮ್ಮನಿಗೆ ಹೇಳಿದ್ದೇನೆ, ಎರಡು ಹೊತ್ತೂ ಬರುತ್ತಾಳೆ. ನನಗೆ ಸಾಕಾದ ದಿನ ಸಾಕಾಯಿತು ಎಂದು ನಿನಗೇ ಹೇಳುತ್ತೇನೆ. ನೀನೂ ನನ್ನನ್ನು ಬೈಯಬೇಕಾದರೆ ಎದುರಿಗೇ ಕೂತು ಬೈ. ಕುಬುಸ ಮುಗಿಸಿಕೊಂಡು ನನ್ನ ಜೊತೆ ಬಂದುಬಿಡು.

ನಿನ್ನ ಅವ್ವ,
ಪಾರ್ವತೆಮ್ಮ

ತಾ.ಕ.: ಮೇಲೆ ಮರುದಿನ ಎಂದು ಬರೆದಿದ್ದೇನೆ. ಹಾಗಲ್ಲ. ಕೌಸರ್ ನನಗೆ ಎಲ್ಲ ಬಿಡಿಸಿ ಹೇಳಿದ್ದು ಗುರುವಾರ ಬೆಳಿಗ್ಗೆ, ನಿನ್ನ ಫೋನ್ ಬರುವ ಮೊದಲು. ನನ್ನ ಮಾತು ನೀನು ಓದಿದ್ದೀ ಎಂದು ಗೊತ್ತಿದ್ದೇ "ನಿನ್ನ ಇಷ್ಟವ್ವ" ಅಂದೆ. ಫೋನ್ ಇಟ್ಟು ಬಾಗಿಲು ಹಾಕಿಕೊಂಡು ಮಲಗಿದೆ. ನಿದ್ದೆಯೂ ಬಂತು.